ಹಿರಿಯರ ಸಿಂಹಾವಲೋಕನ

ಮನೆಯ ಹಿರಿಯರ ಜೀವನವೃತ್ತಾಂತವನ್ನು ಅವರ ಕಂಠದಿಂದಲೇ ಕೇಳಿ, ಫೋನಿನಲ್ಲಿ ಮುದ್ರಿಸಿಕೊಂಡು, ಕಂತುಕಂತಾಗಿ ವಿಂಗಡಿಸಿ, ಊರೂರುಗಳಲ್ಲಿ ಚದುರಿಹೋದ ಬಂಧುಬಳಗಕ್ಕೆ ಪಾಡ್‌ಕಾಸ್ಟಿನ ರೂಪದಲ್ಲಿ ಕಳುಹಿಸುವ ಹವ್ಯಾಸವು ಇತ್ತೀಚೆಗೆ ಕೆಲವು ಮನೆಗಳನ್ನು ಪ್ರವೇಶಿಸಿರುವುದು ಪರಮ ಸಂತೋಷದ ಸಂಗತಿಯಾಗಿದೆ. ಯಂತ್ರವು ಸುಲಭವಾಗಿರುವಷ್ಟು ಈ ಕಲೆಯು ಸುಲಭವಾಗಿಲ್ಲ. ಇದರ ತಿರುಳು ಹೇಳುವವರಲ್ಲಿರುವುದಕ್ಕಿಂತ ಕೇಳುವವರಲ್ಲಿ ಹೆಚ್ಚಾಗಿದೆಯೆಂಬುದೇ ಈ ವಾರ ನಾನು ನಿವೇದಿಸಬೇಕೆಂದಿರುವ ವಿಷಯ.

ಇದಕ್ಕೆ ನಮ್ಮ ಸೀಮೆಗಿಂತ ಸಮೃದ್ಧವಾದ ಕ್ಷೇತ್ರವು ದೊರೆಯುವುದು ದುರ್ಲಭ. ಜಮಖಂಡಿಯೂ ಬನಹಟ್ಟಿಯೂ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದವು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿಯು ಸಾಂಗಲಿ ಸಂಸ್ಥಾನದ್ದು. ಮುಧೋಳವನ್ನು ಘೋರ್ಪಡೆಯವರು ಆಳಿದರು. ಬೀಳಗಿಯಾದರೋ ವಿಜಾಪುರ ಜಿಲ್ಲೆಯೊಳಗೆ ನೇರವಾಗಿ ಬ್ರಿಟಿಷರ ಅಧೀನದಲ್ಲಿತ್ತು. 1948ರ ಮಾರ್ಚಿನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗವು ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವೆನಿಸಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಉದಯಿಸಿತು. ಹುಟ್ಟಿದ ಮನೆಯ ಹೊಸ್ತಿಲನ್ನು ಬಿಟ್ಟು ಎಲ್ಲಿಗೂ ಹೋಗದ ಜಮಖಂಡಿಯ ಒಬ್ಬ ಮುತ್ಯಾ ಇಷ್ಟು ಆಡಳಿತಗಳ ಪ್ರಜೆಯಾಗಿ ಬಾಳಿದ್ದಾನೆ. ಮನೆಯಲ್ಲಿ ಕನ್ನಡವನ್ನಾಡುತ್ತ ಕಚೇರಿಯಲ್ಲಿ ಮರಾಠಿಗೆ ಕಿವಿಗೊಡಬೇಕಾಗಿದ್ದ ಬಾಲ್ಯವು ಹೇಗಿತ್ತು, ರಬಕವಿ-ಬನಹಟ್ಟಿಗಳ ನಡುವೆ ಎರಡು ಸಂಸ್ಥಾನಗಳ ಗಡಿಯು ಹಾದುಹೋಗಿದ್ದಾಗ ಬೀಗತನಗಳೂ ವ್ಯಾಪಾರವೂ ಹೇಗೆ ನಡೆದವು ಎಂಬುದನ್ನು ಗ್ಯಾಸೆಟಿಯರಿನ ಪುಟಗಳು ಹೇಳಲಾರವು, ಆತನೊಬ್ಬನೇ ಹೇಳಬಲ್ಲನು.

ಈ ಬಗೆಯ ಶ್ರವಣಕ್ಕೆ ನಮ್ಮಲ್ಲಿ ಪೂರ್ವಪರಂಪರೆಯೂ ಉಂಟು. ಅಂದಿನ ವಿಜಾಪುರ ಜಿಲ್ಲೆಯದೇ ಆದ ಹಲಸಂಗಿಯ ಗೆಳೆಯರು ಹಳ್ಳಿಯ ಗರತಿಯರು ಬೀಸುತ್ತ ಕುಟ್ಟುತ್ತ ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಪ್ರಕಟಿಸಿ ಕನ್ನಡಕ್ಕೆ ಮಹೋಪಕಾರವನ್ನು ಮಾಡಿದರು. ಪದಗಳು ಉಳಿದವು, ಹಾಡಿದ ತಾಯಂದಿರ ಉಸಿರು, ಸಾಲಿನ ಕೊನೆಯಲ್ಲಿ ಅವರು ಎಳೆದ ಎಳೆತ, ಬೀಸುಕಲ್ಲಿನ ಗುಡುಗು ಇವು ಕಾಗದಕ್ಕೆ ಇಳಿಯಲಿಲ್ಲ. ಆ ಮಹನೀಯರ ಕೈಯಲ್ಲಿ ಇಲ್ಲದಿದ್ದ ಸಾಧನವು ಇಂದು ಪ್ರತಿಯೊಬ್ಬ ಮೊಮ್ಮಗನ ಅಂಗಿಯ ಕಿಸೆಯಲ್ಲಿದೆ.

ಕೇಳುವವರು ಮಾಡುವ ಮೊದಲನೆಯ ಪ್ರಮಾದವೆಂದರೆ ಹುಟ್ಟಿದ ದಿನದಿಂದ ಆರಂಭಿಸಿ ವರ್ಷಾನುಕ್ರಮವಾಗಿ ಹೇಳಬೇಕೆಂದು ಹಿರಿಯರನ್ನು ಬಲವಂತಪಡಿಸುವುದು. ಸ್ಮೃತಿಯು ಪಂಚಾಂಗದ ಕ್ರಮದಲ್ಲಿ ನಡೆಯುವುದಿಲ್ಲ. ಮುಧೋಳದ ನೆಲದಲ್ಲಿ, ಬಳೆಗಾರರ ಮನೆಯಲ್ಲಿ ಜನಿಸಿದ ರನ್ನನು 'ಗದಾಯುದ್ಧ'ದಲ್ಲಿ ಭಾರತದ ಕಥೆಯನ್ನು ಮೊದಲಿನಿಂದ ಹೇಳುತ್ತ ಹೋಗದೆ, ಭೀಮದುರ್ಯೋಧನರ ಕೊನೆಯ ಕಾಳಗದಲ್ಲಿ ನೆಲೆನಿಂತು, ಅಲ್ಲಿಂದ ಹಿಂದಿರುಗಿ ನೋಡುವ ಸಿಂಹಾವಲೋಕನಕ್ರಮವನ್ನು ಅವಲಂಬಿಸಿದನು. ಎಂಬತ್ತೈದರ ಮುದುಕಿಯೊಬ್ಬಳು ತನ್ನ ಬಾಳನ್ನು ಹೇಳುವುದೂ ಇದೇ ರೀತಿಯಲ್ಲಿಯೇ: ನಿನ್ನೆಯ ಅಡಿಗೆಯಿಂದ ತೊಡಗಿ ತವರಿನ ಬಾವಿಗೆ ಹೋಗಿ, ಬರಗಾಲವನ್ನು ಹಾದು, ಸತ್ತ ಮಗನ ಹೆಸರಿನಲ್ಲಿ ತಡೆದು, ಮತ್ತೆ ಅಡಿಗೆಗೆ ಬರುತ್ತಾಳೆ. ಆ ದಾರಿಯನ್ನು ನೆಟ್ಟಗೆ ಮಾಡಹೋಗಬಾರದು. ಇಸವಿಗಳನ್ನು ಬೇರೊಂದು ದಿನ, ಬೇರೆ ಕಾಗದದ ಮೇಲೆ ಹೊಂದಿಸಿಕೊಳ್ಳಬಹುದು.

ಎರಡನೆಯ ಪ್ರಮಾದವು ಪ್ರಶ್ನೆಯನ್ನು ತೀರ ದೊಡ್ಡದಾಗಿ ಕೇಳುವುದು. ಬನಹಟ್ಟಿಯ ನನ್ನ ಸೋದರತ್ತೆಯವರಿಗೆ, "ಅತ್ತಿ, ನಿಮ್ಮ ಕಾಲದಾಗ ಬಾಳೇವು ಹ್ಯಾಂಗಿತ್ರಿ?" ಎಂದು ಕೇಳಿದುದಕ್ಕೆ, "ಏನಿತ್ತಪ್ಪಾ, ಎಲ್ಲಾರದೂ ಹ್ಯಾಂಗೋ ನಮ್ಮದೂ ಹಂಗ" ಎಂದು ಮಾತನ್ನು ಮುಗಿಸಿಬಿಟ್ಟರು. ಬಳಿಕ ಅಟ್ಟದ ಮೇಲಿದ್ದ ಹಳೆಯ ಲಾಳಿಯೊಂದನ್ನು ಅವರ ಅಂಗೈಯಲ್ಲಿರಿಸಿದೊಡನೆ, ಅದರ ಟೊಳ್ಳಿನೊಳಗೆ ಹೆಬ್ಬೆರಳನ್ನಾಡಿಸಿ, ಸವೆದ ತುದಿಯನ್ನು ಮುಟ್ಟಿ ನೋಡಿ, "ಇದು ನಮ್ಮ ಮಾವನ ಕೈಯಾಗಿನ ಲಾಳಿ ನೋಡ ತಮ್ಮಾ. ಅವ್ರು ಕುಣ್ಯಾಗ ಕುಂತ್ರ ನಾ ಇಲ್ಲೆ ರಾಟಿ ಮುಂದ ಕಂಡಿಕಿ ಸುತ್ತತಿದ್ನಿ. ಕಂಡಿಕಿ ತೀರಿತಂದ್ರ ಬರೇ ಕೆಮ್ಮತಿದ್ರು, ಸೊಸಿ ಹೆಸರ ತಗೀತಿದ್ದಿಲ್ಲ" ಎಂದು ತೊಡಗಿ, ಒಂಬತ್ತು ವಾರಿಯ ಸೀರೆಯ ದಡಿ, ಸೆರಗು, ಸಂತೆಯ ದಿನ ಸಾಹುಕಾರನು ಎಣಿಸಿಕೊಟ್ಟ ಮಜೂರಿ, ಓಣಿಗೆ ಮೊದಲ ಪಾವರ್‌ಲೂಮ್ ಬಂದ ದಿನ ಮಾವನವರು ಊಟವನ್ನು ಬಿಟ್ಟು ಕುಳಿತದ್ದು, ಇವೆಲ್ಲವನ್ನೂ ದೀಪ ಹಚ್ಚುವ ಹೊತ್ತಿನವರೆಗೆ ಹೇಳಿದರು. ಹಿರಿಯರ ಸ್ಮೃತಿಯು ಕೈಯಲ್ಲಿ ನೆಲೆಸಿರುತ್ತದೆ. ಆದ್ದರಿಂದ ಅಭಿಪ್ರಾಯವನ್ನು ಕೇಳದೆ ಕೆಲಸವನ್ನು ಕೇಳಬೇಕು, ಆ ಕೆಲಸದ ಸಾಮಾನನ್ನು ಕೈಗೆ ಕೊಟ್ಟು ಕೇಳಬೇಕು.

ಸಾವಧಾನವಾದ ಶ್ರೋತೃವು ದೊರೆತರೆ ಹೇಳಿಕೆಯು ಎಷ್ಟು ವಿಸ್ತಾರಗೊಳ್ಳಬಲ್ಲದೆಂಬುದಕ್ಕೆ ಕರಾವಳಿಯಲ್ಲೊಂದು ನಿದರ್ಶನವಿದೆ. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರೊಡಗೂಡಿ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಮಹಾಕಾವ್ಯವನ್ನು ಮುದ್ರಿಸಿಕೊಂಡಾಗ, ಅವಸರವಿಲ್ಲದ ಆ ಆಲಿಕೆಯ ಫಲವಾಗಿ 15,683 ಸಾಲುಗಳ ಪಾಠವು ಲಭಿಸಿತು. ನಮ್ಮ ಮನೆಗಳ ಕಥೆಗಳಿಗೂ ಬೇಕಾದುದು ಅಂತಹ ತಾಳ್ಮೆಯೇ.

ಬೀಳಗಿಯ ಕಡೆ ಈ ಕಾರ್ಯವು ಇನ್ನಷ್ಟು ತುರ್ತಿನದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಕೃಷ್ಣಾ-ಘಟಪ್ರಭೆಯರ ದಂಡೆಯ ಎಷ್ಟೋ ಊರುಗಳನ್ನು ನುಂಗಿದೆ. ಜನರು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ಮುಳುಗಡೆಯಾದ ಊರಿನ ಹಿರಿಯರನ್ನು, "ಅಗಸಿಯಿಂದ ಹೊಳೀ ತನಕಾ ನಡಕೋತ ಹೋಗೂಣ್ರಿ, ಎಡಕ್ಕ ಯಾರ ಮನಿ, ಬಲಕ್ಕ ಯಾರ ಮನಿ?" ಎಂದು ಕೇಳಿ ನೋಡಿರಿ. ಕಟ್ಟೆ, ಮಠ, ಗರಡಿಮನೆ, ಬಾವಿ, ಹಗೆ, ತಿಪ್ಪೆ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಪರಿಹಾರದ ಕಡತದಲ್ಲಿ ಸರ್ವೆ ನಂಬರು ಇರುತ್ತದೆ. ಆ ಮನೆಯಲ್ಲಿ ಯಾರು ಹೆತ್ತರು, ಯಾರು ಹಾಡಿದರು ಎಂಬುದು ಇರುವುದಿಲ್ಲ. ಜಮಖಂಡಿ ತಾಲೂಕಿನ ದಂಡೆಯವರನ್ನಾದರೆ, 1989ರಲ್ಲಿ ರೈತರು ತಾವೇ ಹಣವನ್ನೂ ಶ್ರಮವನ್ನೂ ಒಗ್ಗೂಡಿಸಿ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಅವರ ಮನೆಯಿಂದ ಯಾರು ಹೋಗಿದ್ದರು, ಬುತ್ತಿಯಲ್ಲಿ ಏನಿತ್ತು ಎಂದು ಕೇಳಬೇಕು.

ಇನ್ನು ಮುದ್ರಣದ ವಿಧಾನವನ್ನು ಕುರಿತು ಎರಡು ಮಾತು. ಸ್ಲ್ಯಾಬು ಹಾಕಿದ ಬರಿಯ ಕೋಣೆಯಲ್ಲಿ ಧ್ವನಿಯು ಮಾರ್ದನಿಗೊಂಡು ಒಡೆಯುತ್ತದೆ; ಮೇಲ್ಮುದ್ದಿಯ ಹಳೆಯ ಮನೆಯ ಮಣ್ಣಿನ ಗೋಡೆ ಅದನ್ನು ಹದವಾಗಿ ಹೀರಿಕೊಳ್ಳುತ್ತದೆ. ಅದಿಲ್ಲವಾದರೆ ಗೋಡೆಗೆ ಕೌದಿಯನ್ನು ತೂಗುಹಾಕಿದರಾಯಿತು. ಫೋನನ್ನು ಮಡಿಸಿದ ವಸ್ತ್ರದ ಮೇಲೆ, ಹೇಳುವವರ ಬಾಯಿಂದ ಒಂದು ಗೇಣು ದೂರದಲ್ಲಿ, ಕರೆಗಳು ಬಾರದಂತೆ ಮಾಡಿ ಇಡಬೇಕು, ಫ್ಯಾನನ್ನು ನಿಲ್ಲಿಸಬೇಕು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಕರೆಂಟು ಹೋಗಿ ಮಗ್ಗಗಳು ಸುಮ್ಮನಾಗುವ ಹೊತ್ತೇ ಪ್ರಶಸ್ತವಾದುದು. ಆದರೂ ಒಂದೆರಡು ನಿಮಿಷ ಮಗ್ಗದ ಸದ್ದನ್ನು ಬೇರೆಯಾಗಿ ಮುದ್ರಿಸಿಡುವುದು ವಿವೇಕ, ಅದೂ ಆ ಜೀವನದ ಭಾಗವೇ ಆಗಿದೆ. ಮೂಲಪ್ರತಿಯನ್ನು ವೇವ್ ಕಡತವಾಗಿ, 48 ಕಿಲೋಹರ್ಟ್ಸ್, 24 ಬಿಟ್ ಪ್ರಮಾಣದಲ್ಲಿ ಇಡುವುದು ಉತ್ತಮ. ಒಂಟಿ ಮೈಕಿನಲ್ಲಿ ಗಂಟೆಗೆ ಸುಮಾರು 500 ಎಂಬಿ ತಗಲುತ್ತದೆ. ವಾಟ್ಸಾಪಿನಲ್ಲಿ ಕಳುಹಿಸುವ ಕುಗ್ಗಿಸಿದ ಪ್ರತಿಯನ್ನು ಮೂಲವೆಂದು ಭಾವಿಸಲಾಗದು. ಪ್ರತಿ ಕಂತಿನ ಆದಿಯಲ್ಲಿ ಹೇಳುವವರ ಹೆಸರು, ಊರು, ದಿನಾಂಕಗಳನ್ನು ನುಡಿಯಬೇಕು. ಮೌನಗಳನ್ನು ಕತ್ತರಿಸಬಾರದು, ಸತ್ತ ಮಗನ ಹೆಸರಿನ ಮುಂದಿನ ಮೌನವು ಕಥೆಯ ಅಂಗವಾಗಿದೆ.

ಎಲ್ಲಕ್ಕಿಂತ ಮಿಗಿಲಾದುದು ಅನುಮತಿ. ಮುದ್ರಿಸುತ್ತಿರುವೆವೆಂದು ಮುಂಚೆಯೇ ತಿಳಿಸಿ, ಮುಗಿದ ಮೇಲೆ ಅವರಿಗೇ ಕೇಳಿಸಿ, "ಇದನ್ನ ತಗದ ಬಿಡು" ಎಂದುದನ್ನು ಮರುಮಾತಿಲ್ಲದೆ ತೆಗೆಯಬೇಕು. ನೆರೆಯವರ ಮನೆಯ ಗುಟ್ಟು ನಮ್ಮ ಪಾಡ್‌ಕಾಸ್ಟಿನ ಸೊತ್ತಲ್ಲ. ಹಾಗೆಯೇ ಅವರ ನುಡಿಯನ್ನು ಪುಸ್ತಕದ ಕನ್ನಡಕ್ಕೆ ತಿದ್ದಲೇಬಾರದು. ಜಮಖಂಡಿಯ ಮುತ್ಯಾ ಮರಾಠಿಯನ್ನು ಬೆರೆಸಿ ಆಡುವ ಮಾತೇ ಆತನ ಕಾಲದ ಸಾಕ್ಷ್ಯ.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ. ಆದುದರಿಂದ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಒಳ್ಳೆಯ ಮೈಕು ಬರಲಿ, ರಜೆ ಬರಲಿ ಎಂದು ಕಾಯದೆ, ಮನೆಯ ಹಿರಿಯರ ಮುಂದೆ ಈ ವಾರವೇ ಕುಳಿತುಕೊಳ್ಳಿರಿ, ಅವರ ಕೈಗೊಂದು ಹಳೆಯ ಸಾಮಾನನ್ನು ಕೊಟ್ಟು ಒಂದೇ ಪ್ರಶ್ನೆಯನ್ನು ಕೇಳಿರಿ, ಮುದ್ರಿಸಿದುದನ್ನು ಬೇರೆ ಬೇರೆ ಮೂರು ಕಡೆ ಕಾಪಿಟ್ಟು, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಒಪ್ಪಿಸಿರಿ.