ಬೈಲುಕುಪ್ಪೆಯ ‘ಆರ್‌ಸಿ’ ಮತ್ತು ಪೌರತ್ವದ ಅರ್ಹತೆ

ಕರ್ನಾಟಕದಲ್ಲಿ ನೆಲೆಸಿರುವ ಟಿಬೆಟಿಯನ್ನರ ವಾಸಕ್ಕೆ ಆಧಾರವಾಗಿರುವ ದಾಖಲೆ ನೋಂದಣಿ ಪ್ರಮಾಣಪತ್ರ. ಬೈಲುಕುಪ್ಪೆಯಲ್ಲೂ ಮುಂಡಗೋಡದಲ್ಲೂ ಅದನ್ನು ಎಲ್ಲರೂ ‘ಆರ್‌ಸಿ’ ಎಂದೇ ಕರೆಯುತ್ತಾರೆ. 1939ರ ವಿದೇಶಿಯರ ನೋಂದಣಿ ಕಾಯ್ದೆಯ ಅಡಿಯಲ್ಲಿ ಬಂದ ಪತ್ರ ಇದು. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅದಕ್ಕೆಂದೇ ದೇಶದೊಳಗೆ ಬೇರೆ ಕಾನೂನನ್ನೂ ಮಾಡಿಕೊಂಡಿಲ್ಲ. ಹಾಗಾಗಿ ಆಶ್ರಯ ಬೇಡಿ ಬಂದವರೂ ಅವರ ಮಕ್ಕಳು ಮೊಮ್ಮಕ್ಕಳೂ ದಾಖಲೆಯಲ್ಲಿ ‘ವಿದೇಶಿಯರು’ ಆಗಿಯೇ ಉಳಿದಿದ್ದಾರೆ.

1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದವರಿಗೆ ಜಮೀನು ಕೊಡಲು ಮುಂದಾದ ರಾಜ್ಯಗಳಲ್ಲಿ ಅಂದಿನ ಮೈಸೂರು ಪ್ರಮುಖವಾದದ್ದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ಸುಮಾರಿಗೆ ಮೊದಲ ನೆಲೆ ಆರಂಭವಾಯಿತು. ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ ಸೇರಿದವು. ರಾಜ್ಯದ ಈ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಕೊಟ್ಟ ನೆಲ ಗುತ್ತಿಗೆಯದು, ಪಹಣಿಯಲ್ಲಿ ಉಳುವವನ ಹೆಸರಿಲ್ಲ.

ಹದಿನಾರು ತುಂಬಿದ ಪ್ರತಿಯೊಬ್ಬರೂ ಆರ್‌ಸಿ ಪಡೆಯಬೇಕು. ಬಹುಕಾಲ ಅದನ್ನು ವರ್ಷ ವರ್ಷವೂ ನವೀಕರಿಸಬೇಕಾಗಿತ್ತು. ಇಲ್ಲೇ ಹುಟ್ಟಿದವರಿಗೂ ದೀರ್ಘಕಾಲದಿಂದ ಇರುವವರಿಗೂ ಈಗ ಅವಧಿ ಐದು ವರ್ಷ. ನೋಂದಾಯಿಸಿದ ವಿಳಾಸ ಬಿಟ್ಟು ಹೆಚ್ಚು ಕಾಲ ಬೇರೆಡೆ ಇರುವುದಾದರೆ ಅಧಿಕಾರಿಗೆ ತಿಳಿಸಬೇಕು. ಚಳಿಗಾಲದಲ್ಲಿ ಊರೂರಿನ ಪೇಟೆಗಳಲ್ಲಿ ಸ್ವೆಟರ್ ಅಂಗಡಿ ಹಾಕಿ ತಿಂಗಳುಗಟ್ಟಲೆ ಹೊರಗಿರುವ ಕುಟುಂಬಗಳಿಗೆ ಇದು ಸಣ್ಣ ತೊಡಕಲ್ಲ. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ ಕೊಡುತ್ತಾರೆ. ಭಾರತಕ್ಕೆ ಮರಳಿ ಬರಲು ಆಕ್ಷೇಪವಿಲ್ಲ ಎಂಬ ಮೊಹರು ಅದರ ಮೇಲೆ ಬೀಳಬೇಕು. ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿದವರೂ ತಮ್ಮ ಮನೆಗೆ ಹಿಂದಿರುಗಲು ಮೊದಲೇ ಅನುಮತಿ ಕೇಳಬೇಕು. ಈ ವ್ಯವಸ್ಥೆಯ ಮೂಲ ದೋಷ ಇಲ್ಲೇ ಕಣ್ಣಿಗೆ ಬೀಳುತ್ತದೆ.

ಏಕೆಂದರೆ 1955ರ ಪೌರತ್ವ ಕಾಯ್ದೆ ಬೇರೆಯದೇ ಮಾತು ಹೇಳುತ್ತದೆ. ಅದರ 3ನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವು ಅಪವಾದ ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ತಂದೆತಾಯಿ ಯಾರೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. 1975ರಲ್ಲಿ, ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ ನ್ಯಾಮತಿಯಲ್ಲಿ ಹುಟ್ಟಿದ ಮಗುವಿಗೆ ಯಾವ ಸಾಲು ಪೌರತ್ವ ಕೊಟ್ಟಿತೋ ಬೈಲುಕುಪ್ಪೆಯಲ್ಲಿ ಅದೇ ವರ್ಷ ಹುಟ್ಟಿದ ಮಗುವಿಗೂ ಅದೇ ಸಾಲು ಕೊಟ್ಟಿದೆ. ನ್ಯಾಮತಿಯ ಮಗು ಬೆಳೆದು ಮತದಾರರ ಪಟ್ಟಿ ಸೇರಿತು. ಬೈಲುಕುಪ್ಪೆಯ ಮಗು ಬೆಳೆದು ಆರ್‌ಸಿಗೆ ಫೋಟೊ ತೆಗೆಸಿತು.

ನ್ಯಾಯಾಲಯಗಳು ಈ ವಿಷಯದಲ್ಲಿ ತಡವರಿಸಿಲ್ಲ. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಮ್‌ಗ್ಯಾಲ್ ದೋಲ್ಕರ್ ಪ್ರಕರಣದಲ್ಲಿ, 1986ರಲ್ಲಿ ಇಲ್ಲಿ ಹುಟ್ಟಿದ ಅರ್ಜಿದಾರರು ಭಾರತೀಯರೇ, ಹಿಂದೆ ತಮ್ಮನ್ನು ಟಿಬೆಟಿಯನ್ ಎಂದು ಬರೆದುಕೊಂಡ ಮಾತ್ರಕ್ಕೆ ಆ ಹಕ್ಕು ಕಳೆದುಹೋಗದು ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಲಿಂಗ್ ರಿನ್‌ಪೋಚೆ ಅವರ ಅರ್ಜಿಯಲ್ಲಿ ಇದೇ ನಿಲುವು ತಳೆಯಿತು. 2014ರಲ್ಲಿ ಚುನಾವಣಾ ಆಯೋಗ ಕಾಯ್ದೆ ಹೇಳುವ ಆ ಅವಧಿಯಲ್ಲಿ ಇಲ್ಲಿ ಹುಟ್ಟಿದ ಟಿಬೆಟಿಯನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಸ್‌ಪೋರ್ಟ್ ಕೊಡುವಂತೆ ಮತ್ತೆ ಹೇಳಬೇಕಾಯಿತು.

ಆಗ ಬಂದವು 2017ರ ಷರತ್ತುಗಳು. ಪಾಸ್‌ಪೋರ್ಟ್ ಬೇಕೆನ್ನುವವರು ಆರ್‌ಸಿ ಮತ್ತು ಹಳದಿ ಪುಸ್ತಕ ಎರಡನ್ನೂ ರದ್ದುಪಡಿಸಿಕೊಳ್ಳಬೇಕು, ಗೊತ್ತುಪಡಿಸಿದ ಟಿಬೆಟಿಯನ್ ನೆಲೆಯಲ್ಲಿ ವಾಸಿಸುತ್ತಿಲ್ಲ ಎಂದು ಬರೆದುಕೊಡಬೇಕು, ದೇಶಭ್ರಷ್ಟ ಟಿಬೆಟಿಯನ್ ಆಡಳಿತದಿಂದಲೂ ಆರ್‌ಸಿಯ ಲೆಕ್ಕದಲ್ಲೂ ಬರುವ ಸವಲತ್ತು ಬಿಡಬೇಕು. ಮೊದಲ ಬೇಡಿಕೆ ಸರಿಯಾದದ್ದೇ. ಪೌರನ ಕೈಯಲ್ಲಿ ವಿದೇಶಿಯರ ಪತ್ರ ಇರಬಾರದು. ಎರಡನೆಯದಕ್ಕೆ ಮಾತ್ರ ಪೌರತ್ವ ಕಾಯ್ದೆಯಲ್ಲಿ ಆಧಾರ ಕಾಣುವುದಿಲ್ಲ. ಹುಟ್ಟಿನಿಂದ ಬಂದ ಹಕ್ಕನ್ನು ಮನೆ ಬಿಡುವ ಕರಾರಿಗೆ ಗಂಟು ಹಾಕಿದಾಗ, ಮುದಿ ತಾಯಿತಂದೆಯನ್ನು ಗುತ್ತಿಗೆ ಜಮೀನಿನ ಮನೆಯಲ್ಲಿ ಬಿಟ್ಟು ಪೌರನಾಗುವುದೋ, ಅವರೊಂದಿಗೆ ಉಳಿದು ವಿದೇಶಿಯಾಗುವುದೋ ಎಂಬ ಕ್ರೂರ ಆಯ್ಕೆ ಮುಂದೆ ನಿಲ್ಲುತ್ತದೆ.

ಇನ್ನೊಂದು ದಾರಿ ದೇಶೀಕರಣ, ಅಂದರೆ ಅರ್ಜಿ ಹಾಕಿ ಪೌರತ್ವ ಪಡೆಯುವುದು. ಕಾಯ್ದೆಯ ಮೂರನೇ ಅನುಸೂಚಿಯಂತೆ ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಸತತವಾಗಿ, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಇಲ್ಲಿ ಇದ್ದಿರಬೇಕು. ನಡತೆ ಒಳ್ಳೆಯದಿರಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು. ಕನ್ನಡ ಆ ಪಟ್ಟಿಯಲ್ಲಿದೆ, ಬೈಲುಕುಪ್ಪೆಯ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಅಲ್ಲಿನ ಬಹಳ ಜನರಿಗೆ ಬರುತ್ತದೆ. ವಾಸದ ಲೆಕ್ಕವಂತೂ ಹನ್ನೊಂದು ವರ್ಷವನ್ನು ಎಂದೋ ದಾಟಿದೆ. ಆದರೆ ಅರ್ಜಿಯೊಂದಿಗೆ ಚಾಲ್ತಿಯಲ್ಲಿರುವ ವಿದೇಶಿ ಪಾಸ್‌ಪೋರ್ಟಿನ ಪ್ರತಿ ಇಡಬೇಕು, ಇದ್ದ ಪೌರತ್ವ ತ್ಯಜಿಸುವುದಾಗಿ ಒಪ್ಪಬೇಕು. ಯಾವ ದೇಶದ ಪಾಸ್‌ಪೋರ್ಟೂ ಇಲ್ಲದವರು ಯಾವುದರ ಪ್ರತಿ ಇಡಬೇಕು? ನಮೂನೆ ರೂಪಿಸಿದವರ ಮನಸ್ಸಿನಲ್ಲಿ ಇನ್ನೊಂದು ದೇಶ ಇರುವ ವಿದೇಶಿ ಮಾತ್ರ ಇದ್ದ.

2019ರ ತಿದ್ದುಪಡಿ ಈ ಅಂತರವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ಹನ್ನೊಂದು ವರ್ಷದ ಬದಲು ಐದೇ ವರ್ಷ ಸಾಕಾಯಿತು. 2024ರಲ್ಲಿ ನಿಯಮಗಳು ಬಂದ ಮೇಲೆ ರಾಯಚೂರು ಜಿಲ್ಲೆ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಹುಕಾಲದಿಂದ ನೆಲೆಸಿದ್ದ ಬಂಗಾಳಿಗಳ ಪೈಕಿ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿತು. ಅದು ಸಂತೋಷದ ಸಂಗತಿ. ಬೌದ್ಧರ ಹೆಸರು ಆ ಆರರಲ್ಲಿದೆ, ಟಿಬೆಟ್ ಮಾತ್ರ ಆ ಮೂರರಲ್ಲಿಲ್ಲ.

ಎಲ್ಲ ಟಿಬೆಟಿಯನ್ನರೂ ಭಾರತದ ಪೌರತ್ವ ಬಯಸುವುದಿಲ್ಲ ಎಂಬುದೂ ನಿಜ. ತಾಯ್ನಾಡಿನ ಹಕ್ಕು ಸಡಿಲವಾದೀತು ಎಂಬ ಅಳುಕು ಹಿರಿಯರಲ್ಲಿದೆ, ಅದನ್ನು ಗೌರವಿಸಬೇಕು. ಆದರೆ ಬೇಡವೆನ್ನುವ ಸ್ವಾತಂತ್ರ್ಯಕ್ಕೆ ಬೆಲೆ ಬರುವುದು ಬೇಕೆಂದವರಿಗೆ ಸುಲಭವಾಗಿ ಸಿಗುವಾಗ.

ಆಡಳಿತ ಇನ್ನೂ ಗಂಭೀರವಾಗಿ ಎತ್ತಿಕೊಳ್ಳಬೇಕಾದದ್ದು ಮುಂದಿನ ತಲೆಮಾರಿನ ಲೆಕ್ಕ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರು ಪೌರರಾಗಿದ್ದರೆ ಸಾಕು. ಆ ಮೇಲೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. 1970ರಲ್ಲಿ ಬೈಲುಕುಪ್ಪೆಯಲ್ಲಿ ಹುಟ್ಟಿದ ತಾಯಿ ಕಾನೂನಿನಂತೆ ಭಾರತೀಯಳು. ಆಕೆ ಎಂದೂ ಪಾಸ್‌ಪೋರ್ಟ್ ಕೇಳದಿದ್ದರೂ 1995ರಲ್ಲಿ ಇಲ್ಲೇ ಹುಟ್ಟಿದ ಆಕೆಯ ಮಗನಿಗೆ ಆ ಹಕ್ಕು ಇಳಿದು ಬಂದಿದೆ. ಅದನ್ನು ಸಾಬೀತು ಮಾಡಲು ತಾಯಿಯ ಜನನ ಪ್ರಮಾಣಪತ್ರ ಬೇಕು. ಶಿಬಿರದ ಆರಂಭದ ದಿನಗಳಲ್ಲಿ ಮನೆಯಲ್ಲೇ ಆದ ಹೆರಿಗೆಗಳು ದಾಖಲಾಗದೆ ಉಳಿದಿದ್ದರೆ ತಡವಾದ ನೋಂದಣಿಗೆ ಅವಕಾಶವಿದೆ, ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಆ ನೋಂದಣಿ ಮಾಡುವುದು ರಾಜ್ಯ ಸರ್ಕಾರದ ಸಿಬ್ಬಂದಿ, ಗುತ್ತಿಗೆ ಪತ್ರ ಬರೆದುಕೊಡುವುದೂ ರಾಜ್ಯ ಸರ್ಕಾರವೇ. ಪೌರತ್ವ ಪಡೆದವರ ಹೆಸರು ಗುತ್ತಿಗೆಯಿಂದ ಬಿದ್ದುಹೋಗದು ಎಂಬ ಒಂದು ಕರಾರನ್ನು ಅದರಲ್ಲಿ ಸೇರಿಸುವ ಕೆಲಸವನ್ನು ಕರ್ನಾಟಕ ತಾನಾಗಿಯೇ ಆರಂಭಿಸಬಹುದು.