ಕಥೆ ತಿಳಿದ ಮೇಲಿನ ಓದು

ಕಾದಂಬರಿಯನ್ನು ಓದಿದವರನ್ನು ಕಂಡೊಡನೆ ‘ಕಥೆ ಏನು?’ ಎಂದು ಕೇಳುವುದು ವಾಡಿಕೆ. ಪರೀಕ್ಷೆಯ ಕಾಲಕ್ಕೆ ವಿದ್ಯಾರ್ಥಿಗಳ ಕೈಸೇರುವ ಗೈಡುಗಳೂ ಈ ಪ್ರಶ್ನೆಗೇ ಉತ್ತರವನ್ನು ಒದಗಿಸುತ್ತವೆ. ಆದರೆ ಕಥೆ ತಿಳಿದ ಮೇಲೂ ಓದಿಸಿಕೊಳ್ಳುವ ಗುಣ ಯಾವುದುಂಟೋ ಅದೇ ಉತ್ತಮ ಕಾದಂಬರಿ ನೀಡುವ ಸುಖದ ಮೂಲ. ಕುತೂಹಲವು ಒಂದೇ ಓದಿಗೆ ತೀರಿಹೋಗುವ ಬಂಡವಾಳ.

ಶಿವರಾಮ ಕಾರಂತರ (1902–1997) ‘ಮರಳಿ ಮಣ್ಣಿಗೆ’ಯ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಬಹುದು. ಕಡಲಂಚಿನ ಕೋಡಿ ಗ್ರಾಮದ ಪುರೋಹಿತ ರಾಮ ಐತಾಳರು ಸಂತಾನವಿಲ್ಲದೆ ಎರಡನೆಯ ಮದುವೆಯಾಗುತ್ತಾರೆ. ಹುಟ್ಟಿದ ಮಗ ಲಚ್ಚ ಇಂಗ್ಲಿಷ್ ವಿದ್ಯೆ ಕಲಿಯಹೋಗಿ ದುರ್ವ್ಯಸನಗಳಿಗೆ ಬಿದ್ದು ಆಸ್ತಿಯನ್ನು ಕರಗಿಸುತ್ತಾನೆ. ಅವನ ಮಗ, ಅಜ್ಜನ ಹೆಸರಿನ ರಾಮ, ನಗರಗಳನ್ನು ಸುತ್ತಿ ಕಡೆಗೆ ಊರಿಗೆ ಹಿಂದಿರುಗುತ್ತಾನೆ. ಗ್ರಂಥದ ಹೆಸರೇ ಅಂತ್ಯವನ್ನು ಹೇಳಿಬಿಡುತ್ತದೆ! ಗುಟ್ಟನ್ನು ಮುಖಪುಟದಲ್ಲಿಯೇ ಬಿಟ್ಟುಕೊಟ್ಟ ಲೇಖಕರಿಗೆ ಕುತೂಹಲದ ಹಂಗು ಬೇಕಿಲ್ಲ.

ಹಾಗಾದರೆ ಮತ್ತೆ ಓದಿಸುವುದು ಯಾವುದು? ಐತಾಳರ ಮೊದಲ ಹೆಂಡತಿ ಪಾರೋತಿ, ವಿಧವೆಯಾದ ಸೋದರಿ ಸರಸೋತಿ, ಇವರಿಬ್ಬರ ದಿನಚರಿ. ಐತಾಳರು ಪೌರೋಹಿತ್ಯಕ್ಕೆಂದು ತಿರುಗುತ್ತಿದ್ದರೆ ಆ ಸಂಸಾರವನ್ನು ಎತ್ತಿ ನಿಲ್ಲಿಸಿರುವುದು ಈ ಹೆಂಗಸರ ರಟ್ಟೆಯ ಬಲ. ಮಳೆ, ಗದ್ದೆ, ಒಲೆ, ಮತ್ತೆ ಗದ್ದೆ. ಇದನ್ನು ಬಣ್ಣಿಸುವ ಪುಟಗಳು ಮೊದಲ ಓದಿನಲ್ಲಿ ನಿಧಾನವೆನಿಸುವುದು ಸಹಜ. ಲಚ್ಚನ ಗತಿಯನ್ನು ಬಲ್ಲವನಿಗೆ ಅವೇ ಪುಟಗಳು ಬೇರೆಯಾಗಿ ತೋರುತ್ತವೆ. ಅವರು ಬೆವರು ಸುರಿಸಿ ಕೂಡಿಸಿದ್ದು ಎಲ್ಲಿಗೆ ಹೋಗುವುದೆಂಬುದನ್ನು ಅವನು ಬಲ್ಲ. ಸವತಿಯ ಕೂಸನ್ನು ಪಾರೋತಿ ಅಕ್ಕರೆಯಿಂದ ಕಾಣುವಾಗ, ಆ ಕೂಸು ಮುಂದೆ ಏನಾಗುವುದೆಂದು ಅವಳು ಅರಿಯಳು, ಓದುವವನು ಅರಿತಿದ್ದಾನೆ. ಅರಿತೂ ತಡೆಯಲಾರ. ಈ ಸಂಕಟದಲ್ಲಿ ಒಂದು ವಿಲಕ್ಷಣವಾದ ಸುಖವಿದೆ. ಅದು ಕಥಾಸಾರದಿಂದ ದೊರೆಯತಕ್ಕದ್ದಲ್ಲ. (ಪಾರೋತಿಯನ್ನು ‘ತ್ಯಾಗಮಯಿ’ ಎಂಬ ಒಂದೇ ಪದದಲ್ಲಿ ಮುಗಿಸುವ ವಿದ್ಯಾರ್ಥಿಗೆ ಅಂಕಗಳು ಮಾತ್ರ ದೊರೆತಾವು.)

ಕೃತಿಯುದ್ದಕ್ಕೂ ಈ ಸಾಂದ್ರತೆ ಉಳಿದಿಲ್ಲವೆಂಬುದನ್ನೂ ಹೇಳಬೇಕು. ರಾಮನ ನಗರವಾಸದ ಭಾಗದಲ್ಲಿ ಅನುಭವಕ್ಕಿಂತ ವರದಿಯೇ ಹೆಚ್ಚು. ಕಡಲಿನಿಂದ ದೂರವಾದೊಡನೆ ಬರವಣಿಗೆಯ ಕಸುವೂ ತಗ್ಗಿದಂತಿದೆ. ಎರಡನೆಯ ಓದಿನಲ್ಲಿ ಆ ಪುಟಗಳನ್ನು ಬೇಗಬೇಗನೆ ಮಗುಚುವವರನ್ನು ದೂರುವಂತಿಲ್ಲ. ಗಂಡನಿಂದ ನೊಂದು ಮಗನಲ್ಲಿಯೇ ಜೀವವಿಟ್ಟುಕೊಂಡ ನಾಗವೇಣಿಯ ಬಳಿಗೆ ಹಿಂದಿರುಗುವ ಆತುರ ಅವರದು.