ಎರಡಂಗುಲದ ಔನ್ನತ್ಯ

ಯಲಬುರ್ಗಿಯ ಎರೆಹೊಲಗಳ ನಡುವೆ ಜೋರುಮಳೆ ಬಿದ್ದು, ಎರಡು ದಿನದ ಬಿಸಿಲಿಗೆ ನೆಲ ಆರಿದ ಮೇಲೆ ಚಕ್ಕಡಿಯ ಹಾದಿಯಲ್ಲಿ ನಡೆದವರಿಗೆ, ಗಾಲಿಯ ಜಾಡುಗಳೆರಡೂ ಕಾಲುವೆಗಳಂತೆ ಕೊರೆದುಹೋಗಿ, ಅವುಗಳ ಮಧ್ಯದ ಮಣ್ಣು ದಿಂಡುಗಟ್ಟಿ ನಿಂತು, ಹಿಂದಿನಿಂದ ಬರುವ ಯಂತ್ರವಾಹನದ ಉದರವನ್ನು ಪರೀಕ್ಷಿಸಲೆಂದೇ ಕಾದಿರುವ ದೃಶ್ಯವು ಅಪರಿಚಿತವಾಗಿರಲಾರದು. ಚಕ್ಕಡಿಗೆ ಈ ದಿಂಡಿನ ಭಯವಿರಲಿಲ್ಲ. ಎದೆಮಟ್ಟದ ಗಾಲಿ, ಗಾಲಿಯ ನಡುವೆ ಗುಂಬ, ಗುಂಬದಲ್ಲಿ ಅಚ್ಚು. ಅಚ್ಚು ನೆಲದಿಂದ ಎಷ್ಟು ಮೇಲಿರಬೇಕೆಂಬುದನ್ನು ಬಡಿಗನು ಗಾಲಿಯ ವ್ಯಾಸದಲ್ಲಿಯೇ ನಿರ್ಣಯಿಸಿಬಿಡುತ್ತಿದ್ದನು. ಚಕ್ಕಡಿಗೆ ಕಮಾನಿಲ್ಲ, ಟಾಂಗಾಕ್ಕೆ ಉಂಟು. ಹೇರಿದ ಜೋಳದ ಚೀಲಕ್ಕೆ ಬೆನ್ನುನೋವು ಬರುವುದಿಲ್ಲವಾದ್ದರಿಂದ ಈ ಭೇದವನ್ನು ಅನ್ಯಾಯವೆನ್ನಲಾಗದು.

ಇದೆಲ್ಲವೂ ನೆನಪಾದುದು ಕಳೆದ ವಾರ ಗಂಗಾವತಿಯಲ್ಲಿ, ಸಿಂಧನೂರಿನ ಕಡೆಗೆ ಹೋಗುವ ಹಾದಿಯ ಬದಿಯ ಒಂದು ಗ್ಯಾರೇಜಿನಲ್ಲಿ, ಭತ್ತದ ವ್ಯವಹಾರದಲ್ಲಿರುವ ಮಿತ್ರರೊಬ್ಬರ ಇಸುಜು ವಿ-ಕ್ರಾಸ್ ಪಿಕಪ್ಪನ್ನು ಎರಡಂಗುಲ ಎತ್ತರಿಸುವ ಕಾರ್ಯಕ್ಕೆ ನಾನು ಸಾಕ್ಷಿಯಾಗಿ ಕುಳಿತಿದ್ದಾಗ. ಕೊಯ್ಲಿನ ದಿನಗಳಲ್ಲಿ ಉಪಕಾಲುವೆಗಳ ಏರಿಯ ಮೇಲೆ ಹೋಗುವಾಗ ಗಾಡಿಯ ಹೊಟ್ಟೆ ನೆಲಕ್ಕೆ ತಾಗುವುದೆಂಬುದು ಅವರು ಕೊಟ್ಟ ಕಾರಣ. ಎತ್ತರದ ಗಾಡಿ ನೋಟಕ್ಕೆ ಚೆಲುವೆಂಬುದು ಅವರು ಕೊಡದೆ ಉಳಿಸಿಕೊಂಡ ಕಾರಣ. ಎರಡನ್ನೂ ನಾನು ಗೌರವಿಸುತ್ತೇನೆ. ಮೇಸ್ತ್ರಿಯು ಕೆಲಸಕ್ಕೆ ಕೈಹಚ್ಚುವ ಮುನ್ನ, ನಾನು ಟೇಪು ಹಿಡಿದು ಎರಡು ಅಳತೆಗಳನ್ನು ಬರೆದುಕೊಳ್ಳುವಂತೆ ವಿನಂತಿಸಿದೆನು: ಒಂದು, ಚಕ್ರದ ನಡುವಿನಿಂದ ಮಡಗಾರ್ಡಿನ ಅಂಚಿಗೆ, ಇನ್ನೊಂದು, ನೆಲದಿಂದ ಹಿಂದಿನ ಅಚ್ಚಿನ ಮಧ್ಯೆ ಗಡಿಗೆಯಂತೆ ಉಬ್ಬಿರುವ ಡಿಫರೆನ್ಷಿಯಲ್ಲಿಗೆ, ನಮ್ಮ ಕಡೆಯವರು ಗುಂಡು ಎನ್ನುವ ಭಾಗಕ್ಕೆ. ಎರಡನೆಯ ಅಳತೆ ಏತಕ್ಕೆಂದು ಮಿತ್ರರು ಕೇಳಿದರು. ಸಂಜೆಗೆ ಹೇಳುವೆನೆಂದೆ.

ಕಮಾನೆಂದರೆ ಬಿಲ್ಲು, ಪಾರಸಿಯಿಂದ ಬಂದು ನಮ್ಮ ಕಮ್ಮಾರಸಾಲೆಗಳಲ್ಲಿ ಮನೆ ಮಾಡಿಕೊಂಡ ಮಾತು. ಉದ್ದವಾದ ಉಕ್ಕಿನ ಪಟ್ಟಿಯೊಂದರ ಕೆಳಗೆ ಅದಕ್ಕಿಂತ ಗಿಡ್ಡದು, ಅದರ ಕೆಳಗೆ ಇನ್ನೂ ಗಿಡ್ಡದು, ಹೀಗೆ ಜೋಡಿಸಿ ನಡುವೆ ಒಂದು ಸೆಂಟರ್ ಬೋಲ್ಟು ತೂರಿಸಿದರೆ ಕಮಾನ್ ಪಾಟಾ ಸಿದ್ಧ. ಮೇಲಿನ ಮೇನ್ ಪಾಟಾದ ಎರಡು ತುದಿಗಳು ಸುರುಳಿಯಾಗಿ, ಒಂದು ಚೌಕಟ್ಟಿಗೆ ನೇರವಾಗಿಯೂ ಮತ್ತೊಂದು ಶಾಕಲ್ಲೆಂಬ ತೂಗುಕೊಂಡಿಯ ಮೂಲಕವೂ ಸೇರುವುವು. ಏಕೆಂದರೆ ಬಾಗಿದ ಬಿಲ್ಲು ನೆಟ್ಟಗಾದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಚಲಿಸಲು ಸ್ಥಳ ಬೇಕು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಸಾರೋಟು ನಿರ್ಮಾಪಕನಾದ ಒಬಾಡಯಾ ಎಲಿಯಟ್ ಎಂಬವನು ಸಾರೋಟನ್ನು ಇಂತಹ ಕಮಾನುಗಳ ಮೇಲೆ ಕೂರಿಸುವುದಕ್ಕೊಂದು ಪೇಟೆಂಟು ಪಡೆದನು. ಅಲ್ಲಿಂದೀಚೆಗೆ ಲೋಕದಲ್ಲಿ ಏನೇನೋ ಬದಲಾದರೂ, ಇಂದು ಭತ್ತ ಹೊರುವ ಪಿಕಪ್ಪಿನ ಹಿಂಭಾಗದಲ್ಲಿ ಕುಳಿತಿರುವುದು ಬಹುಮಟ್ಟಿಗೆ ಅದೇ ಬಿಲ್ಲು. ಪಟ್ಟಿಯ ದಪ್ಪವು ಇಮ್ಮಡಿಯಾದರೆ ಅದರ ಬಿಗುಪು ಎಂಟುಮಡಿಯಾಗುವುದೆಂಬುದು ಶಾಸ್ತ್ರ. ಆದುದರಿಂದಲೇ, ಒಂದು ಪಾಟಾ ಹೆಚ್ಚಿಗೆ ತೂರಿಸಿ ಗಾಡಿ ಎತ್ತರಿಸುವ ನಮ್ಮ ಹೆದ್ದಾರಿ ಬದಿಯ ಸುಲಭೋಪಾಯವು, ಪಾಟಾದ ದಪ್ಪವನ್ನು ವಿಚಾರಿಸದೆ ಕೈಗೊಂಡಲ್ಲಿ, ಖಾಲಿ ಗಾಡಿಯನ್ನು ಚಕ್ಕಡಿಯ ಸ್ಥಿತಿಗೆ ತಂದು ನಿಲ್ಲಿಸುವುದುಂಟು.

ಇದಕ್ಕೂ ಕೆಟ್ಟದಾದ ಮತ್ತೊಂದು ಉಪಾಯವುಂಟು. ಹಳೆಯ ಪಾಟಾಗಳನ್ನು ಬಿಚ್ಚಿ, ಗ್ಯಾಸಿನ ಜ್ವಾಲೆಯಲ್ಲಿ ಕೆಂಪಗೆ ಕಾಸಿ, ಸುತ್ತಿಗೆಯಿಂದ ಹೊಡೆದು ಹೆಚ್ಚು ಬಾಗಿಸಿ ಕೂರಿಸುವುದು. ಸಿಲಿಕಾನು ಮ್ಯಾಂಗನೀಸು ಬೆರೆತ ಆ ಉಕ್ಕು ತನ್ನ ಸ್ಥಿತಿಸ್ಥಾಪಕತ್ವವನ್ನು ಪಡೆದುದು ಕಾರ್ಖಾನೆಯಲ್ಲಿ ಅಳತೆಯ ಉಷ್ಣಕ್ಕೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮಂದವಾಗಿ ಹದಗೊಳಿಸಿದ ಸಂಸ್ಕಾರದಿಂದ. ಮರದಡಿಯ ಜ್ವಾಲೆಯು ಆ ಸಂಸ್ಕಾರವನ್ನು ಒಂದೇ ಗಳಿಗೆಯಲ್ಲಿ ಅಳಿಸಿಬಿಡುತ್ತದೆ. ಅಂತಹ ಬಿಲ್ಲು ಆರು ತಿಂಗಳಲ್ಲಿ ಮತ್ತೆ ಜೋತುಬೀಳುವುದು, ಇಲ್ಲವೆ ಮುರಿಯುವುದು. ನನ್ನ ಹಳೆಯ ಜೀಪಿಗೆ ಹೀಗೆಯೇ ಆಯಿತು. ಹೆಚ್ಚಿಗೆ ಹೇಳಲು ಇಷ್ಟವಿಲ್ಲ.

ನಮ್ಮ ಮೇಸ್ತ್ರಿಯು ಈ ಎರಡೂ ಹಾದಿಗಳನ್ನು ಬಿಟ್ಟು, ಹೆಚ್ಚು ಬಾಗಿನ ಹೊಸ ಪಾಟಾಗಳ ಜೋಡಿಯನ್ನೇ ತರಿಸಿದ್ದನು. ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ಗಟ್ಟಿಯಿಟ್ಟು ಎತ್ತರಿಸುವ ಪದ್ಧತಿಯೂ ಇದೆ, ಅಗ್ಗವೂ ಹೌದು. ಹಿಂದಿನ ಅಚ್ಚಿಗಾದರೆ ಒಂದೇ ಗಟ್ಟಿಯವರೆಗೆ ಸೈರಿಸಬಹುದು. ಗಟ್ಟಿಯ ಮೇಲೆ ಗಟ್ಟಿ ಪೇರಿಸುವವನನ್ನೂ, ದಾರಿ ತಿರುಗಿಸುವ ಮುಂದಿನ ಅಚ್ಚಿಗೆ ಗಟ್ಟಿಯಿಡುವವನನ್ನೂ ನಾನು ನನ್ನ ಅಂಗಳದೊಳಕ್ಕೆ ಬಿಟ್ಟುಕೊಳ್ಳಲಾರೆ.

ವಿ-ಕ್ರಾಸಿನ ಮುಂಭಾಗದಲ್ಲಿ ಬಿಲ್ಲಿಲ್ಲ. ಎರಡು ತೋಳುಗಳ ನಡುವೆ ಸುರುಳಿ ಸ್ಪ್ರಿಂಗು. ಇಲ್ಲೊಂದು ಸ್ವಾರಸ್ಯವಿದೆ. ಸ್ಪ್ರಿಂಗು ನಿಂತಿರುವುದು ತೋಳಿನ ಮಧ್ಯದ ಹತ್ತಿರ, ಚಕ್ರವಿರುವುದು ತುದಿಯಲ್ಲಿ. ಆದ್ದರಿಂದ ಸ್ಪ್ರಿಂಗಿನ ತಲೆಯ ಮೇಲೆ ಒಂದಂಗುಲದ ಬಿಲ್ಲೆಯನ್ನಿಟ್ಟರೆ ಚಕ್ರದ ಬಳಿ ಹೆಚ್ಚುಕಡಿಮೆ ಎರಡಂಗುಲ ಲಭಿಸುವುದು. ಏತದ ಮರವನ್ನು ಕಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ತೋಳುಗಳು ಕೆಳಕ್ಕೆ ಇಳಿದಂತೆಲ್ಲ ಚಕ್ರಕ್ಕೆ ಶಕ್ತಿಯನ್ನೊಯ್ಯುವ ಕೀಲುಗಳ ಕೋನವು ಕಡಿದಾಗಿ, ಅವುಗಳ ರಬ್ಬರು ಹೊದಿಕೆ ಹರಿದು, ಎರೆಮಣ್ಣು ಒಳಹೊಕ್ಕು, ಕೀಲುಗಳು ಸವೆಯತೊಡಗುವುವು. ಚಕ್ರಗಳ ಓರೆಯೂ ಬದಲಾಗಿ, ಹೊಸ ಟೈರು ಒಂದು ಪಕ್ಕ ಮಾತ್ರ ತೇಯುವುದು. ಆಮದು ಅಂಗಡಿಗಳವರು ಆರಂಗುಲದ ಕಿಟ್ಟುಗಳನ್ನು ಹೊಗಳುತ್ತಿರಲಿ. ಎರಡಂಗುಲವೇ ಮರ್ಯಾದೆಯೆಂಬುದು ನನ್ನ ಅಭಿಪ್ರಾಯ, ಅದನ್ನು ಬದಲಿಸುವ ಕಾರಣ ಇದುವರೆಗೆ ಕಂಡಿಲ್ಲ.

ಕೆಲಸವು ಮಧ್ಯಾಹ್ನದವರೆಗೆ ನಡೆಯಿತು. ಚೌಕಟ್ಟಿಗೆ ಜಾಕಿಯ ಜೊತೆಗೆ ಮರದ ದಿಮ್ಮಿಗಳ ಆಸರೆಯನ್ನೂ ಕೊಟ್ಟು, ಪಾಟಾಗಳನ್ನು ಅಚ್ಚಿಗೆ ಬಿಗಿದಿಡುವ ಯು ಬೋಲ್ಟುಗಳನ್ನು ಸಡಿಲಿಸಿ, ಅಚ್ಚು ಒಮ್ಮೆಲೆ ಬಿದ್ದು ಬ್ರೇಕಿನ ಕೊಳವೆಯನ್ನು ಎಳೆಯದಂತೆ ಇನ್ನೊಂದು ಜಾಕಿಯಿಂದ ಅದನ್ನು ನಿಧಾನವಾಗಿ ಇಳಿಸಿದ ರೀತಿಯಲ್ಲಿ ಮೇಸ್ತ್ರಿಯ ಕೈಯ ಸಂಸ್ಕೃತಿ ಕಾಣುತ್ತಿತ್ತು. ಒಮ್ಮೆ ಎಳೆದು ಬಿಗಿದ ಯು ಬೋಲ್ಟನ್ನು ಅವನು ಮತ್ತೆ ಬಳಸಲಿಲ್ಲ. ಶಾಕಲ್ಲಿನ ರಬ್ಬರು ಬುಷ್ಷುಗಳ ನಟ್ಟನ್ನು ಗಾಡಿ ಗಾಳಿಯಲ್ಲಿರುವಾಗ ಬಿಗಿಯದೆ, ಚಕ್ರಗಳು ನೆಲಕ್ಕೆ ಊರಿ ಗಾಡಿ ತನ್ನ ಭಾರದ ಮೇಲೆ ತಾನೇ ಕುಳಿತ ನಂತರ ಬಿಗಿದನು. ಹಾಗಲ್ಲದಿದ್ದರೆ ರಬ್ಬರು ಸದಾಕಾಲ ತಿರುಚಿಕೊಂಡೇ ಇದ್ದು ಬೇಗ ಸೀಳಿಹೋಗುವುದು. ಈ ಒಂದು ತಾಳ್ಮೆಯಿಂದಲೇ ಮೇಸ್ತ್ರಿಯನ್ನೂ ಬೋಲ್ಟು ತಿರುಗಿಸುವವನನ್ನೂ ನಾನು ಬೇರ್ಪಡಿಸುತ್ತೇನೆ.

ಸಂಜೆ ಟೇಪು ಹಿಡಿದೆವು. ಮಡಗಾರ್ಡು ಎರಡಂಗುಲ ಮೇಲೇರಿತ್ತು. ಗುಂಡು ಬೆಳಗ್ಗೆ ಎಲ್ಲಿತ್ತೋ ಅಲ್ಲಿಯೇ ಇತ್ತು, ಒಂದು ನೂಲಿನಷ್ಟೂ ಭೇದವಿಲ್ಲ. ಮಿತ್ರರ ಮುಖ ನೋಡಿ ಮೇಸ್ತ್ರಿ ನಕ್ಕನು. “ಗುಂಡು ಅಲ್ಲೇ ಐತ್ರಿ ಸಾವ್ಕಾರ್ರ, ಮ್ಯಾಲಿಂದಷ್ಟ ಎದ್ದೈತಿ.” ಕಮಾನು ಏನಿದ್ದರೂ ಅಚ್ಚಿನ ಮೇಲಿನದನ್ನು ಎತ್ತಬಲ್ಲುದು, ಅಚ್ಚನ್ನೇ ಎತ್ತಬೇಕಾದರೆ ಗಾಲಿ ದೊಡ್ಡದಾಗಬೇಕು, ಅದೂ ಟೈರಿನ ವ್ಯಾಸ ಒಂದಂಗುಲ ಬೆಳೆದರೆ ಅಚ್ಚು ಏರುವುದು ಅರ್ಧವೇ ಅಂಗುಲ. ಚೌಕಟ್ಟು, ಟ್ಯಾಂಕು, ಮೂತಿಯ ಕೆಳಗಿನ ಅಂಚು ಇವು ಮೇಲೇರಿ ಏರಿಯ ಅಂಚುಗಳಿಂದ ಪಾರಾದವು, ನಿಜ. ಆ ಲಾಭವು ಅಲ್ಪವಲ್ಲ. ಆದರೆ ಚಕ್ಕಡಿಯ ಜಾಡಿನ ದಿಂಡು ಕಾದು ಕುಳಿತಿರುವುದು ಗುಂಡಿಗಾಗಿ.

ಇನ್ನೊಂದು ವಿಷಯವನ್ನು ನಾನೇ ಎತ್ತಬೇಕಾಯಿತು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚೌಕಟ್ಟಿಗೂ ನಡುವೆ ಒಂದು ಸಣ್ಣ ಸರಳು ಸೇರಿರುತ್ತದೆ. ಹೇರು ಹೆಚ್ಚಿ ಗಾಡಿ ಕುಸಿದಷ್ಟೂ ಆ ಸರಳು ಕವಾಟವೊಂದನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುವುದು, ಖಾಲಿಯಿದ್ದರೆ ಕಡಿಮೆ. ಗಾಡಿಯನ್ನು ಎತ್ತರಿಸಿ ಈ ಸರಳನ್ನು ಸರಿಹೊಂದಿಸದೆ ಬಿಟ್ಟರೆ, 75 ಕಿಲೋದ ಹತ್ತು ಚೀಲ ಭತ್ತವನ್ನು ಹೇರಿದಾಗಲೂ ಕವಾಟವು ಗಾಡಿ ಇನ್ನೂ ಹಗುರವಾಗಿದೆಯೆಂದೇ ಭ್ರಮಿಸಿ ಹಿಂದಿನ ಬ್ರೇಕಿಗೆ ಜಿಪುಣತನ ತೋರುವುದು. ಮುಕ್ಕಾಲು ಟನ್ನು ಬೆನ್ನಮೇಲಿರುವಾಗ ಅಂತಹ ಭ್ರಮೆಯು ಕಾಲುವೆಯ ತಿರುವಿನಲ್ಲಿ ಏನು ಮಾಡಬಲ್ಲುದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಮೇಸ್ತ್ರಿಯು ಗಾಡಿಯ ಕೆಳಗೆ ಮತ್ತೊಮ್ಮೆ ತೂರಿ, ಸರಳಿನ ಕೊಂಡಿಯನ್ನು ಸರಿಪಡಿಸಿ, ದೀಪಗಳ ಮುಖವನ್ನೂ ತಗ್ಗಿಸಿದನು; ಇಲ್ಲದಿದ್ದರೆ ರಾತ್ರಿ ಎದುರಿಗೆ ಬರುವ ಟ್ರ್ಯಾಕ್ಟರಿನವನ ಶಾಪವೆಲ್ಲ ನಮಗೆ.

ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಗೆ ಪುಷ್ಯಮಾಸದಲ್ಲಿ ಹಳ್ಳಿಹಳ್ಳಿಗಳಿಂದ ದಾಸೋಹಕ್ಕೆ ಜೋಳದ ರೊಟ್ಟಿಯನ್ನು ಹೇರಿಕೊಂಡು ಬರುವ ಗಾಡಿಗಳ ಸಾಲನ್ನು ನೋಡುತ್ತ ನಿಂತಾಗಲೆಲ್ಲ, ಆ ಗಾಡಿಗಳಿಗಿಂತ ತೇರಿನಿಂದಲೇ ಎತ್ತರಿಸುವ ವಿದ್ಯೆಯನ್ನು ಹೆಚ್ಚಾಗಿ ಕಲಿಯಬಹುದೆಂದು ನನಗೆ ತೋರುವುದುಂಟು. ನಮ್ಮ ಕಡೆಯ ತೇರು ಎಷ್ಟೇ ಎತ್ತರವಿದ್ದರೂ ಅದರ ಭಾರವೆಲ್ಲ ಕೆಳಗಿನ ಮರದ ಗಡ್ಡೆಯಲ್ಲಿ; ಮೇಲಿನದು ಬಿದಿರು, ಬಟ್ಟೆ, ಹೂವು. ಪಿಕಪ್ಪನ್ನು ಎತ್ತರಿಸಿದಾಗ ಎಂಜಿನು, ಕ್ಯಾಬಿನ್ನು, ಹೇರು ಸಮೇತ ಗುರುತ್ವಕೇಂದ್ರವೇ ಮೇಲೇರುತ್ತದೆ, ಚಕ್ರಗಳ ನಡುವಿನ ಅಗಲವು ಇದ್ದಷ್ಟೇ ಉಳಿಯುತ್ತದೆ. ಮಗುಚುವ ಅಪಾಯದ ಗಣಿತವೆಲ್ಲ ಆ ಎರಡು ಸಂಖ್ಯೆಗಳ ಅನುಪಾತ. ಕಾನೂನೂ ಇದರಲ್ಲಿ ಉದಾಸೀನವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕನು ನಿರ್ದೇಶಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ದೃಢಪಡಿಸಿತು. ಕೆಎ 37 ಫಲಕದ ಗಾಡಿಯವರು ಸುತ್ತಿಗೆಗಿಂತ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯ ಬಾಗಿಲನ್ನು ಕಂಡುಬರುವುದು ಲೇಸು. ಮಿತ್ರರಿಗೂ ಇದನ್ನು ಹೇಳಿದ್ದೆ, ಅವರು ತಲೆಯಾಡಿಸಿದ್ದರು, ತಲೆಯಾಡಿಸುವುದರ ಅರ್ಥವು ಗಂಗಾವತಿಯಲ್ಲಿ ಹಲವು.

ನಿನ್ನೆ, ಐನೂರು ಕಿಲೋಮೀಟರು ಓಡಿಸಿದ ಮೇಲೆ, ಯು ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಲೆಂದು ಅವರು ಬಂದರು. ಹಿಂದೆ ಹದಿನಾಲ್ಕು ಚೀಲ ಭತ್ತವಿತ್ತು. ಏರಿದ್ದ ಎರಡಂಗುಲವನ್ನು ಹುಡುಕಲು ಟೇಪೇ ಬೇಕಾಗುವಷ್ಟು ಗಾಡಿ ಕುಗ್ಗಿ ನಿಂತಿತ್ತು, ಆದರೂ ಯಾರೂ ಟೇಪು ಕೇಳಲಿಲ್ಲ. ಮೇಸ್ತ್ರಿಯು ಚೀಲಗಳನ್ನು ಇಳಿಸಿಸಿ ಕೆಳಗೆ ತೂರಿದನು. ಏಳು ನಟ್ಟುಗಳು ಕಾಲು ಸುತ್ತು ಹಿಡಿದವು. ಎಂಟನೆಯದು, ಎಡಗಡೆಯ ಹಿಂದಿನದು, ಒಂದು ಪೂರ್ತಿ ಸುತ್ತು ತಿರುಗಿತು.